ಒಂದೇ ಗಾಳಿಗೆ ಎರಡು ಉತ್ತರ: ಹಾಂಗ್‌ಕಾಂಗ್‌ನ ಬ್ಯಾಂಕ್ ಗೋಪುರಗಳು ಮತ್ತು ಹಾಸನದ ಐದು ಮಹಡಿಯ ನಕ್ಷೆ

ಎರಡು ಗಗನಚುಂಬಿಗಳನ್ನು ಹೋಲಿಸಿ ಬರೆಯಲು ಹೇಳಿದರೆ ಬರುವುದು ಹೆಚ್ಚಾಗಿ ಒಂದು ಪಟ್ಟಿ: ಎತ್ತರ ಇಷ್ಟು, ಮಹಡಿ ಇಷ್ಟು, ಮುಗಿದ ವರ್ಷ ಇದು, ವಾಸ್ತುಶಿಲ್ಪಿ ಇವರು. ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವರಿಗಾಗಲಿ, ಬಿ.ಎಂ. ರಸ್ತೆಯ ಆಚೀಚೆ ನಾಲ್ಕೈದು ಮಹಡಿಯ ಕಟ್ಟಡಕ್ಕೆ ನಕ್ಷೆ ಬರೆಯುವವರಿಗಾಗಲಿ ಆ ಪಟ್ಟಿಯಿಂದ ಏನೂ ದಕ್ಕುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಕಟ್ಟಡದ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ? ಗಾಳಿ ತಳ್ಳಿದಾಗ ಆ ಭಾರ ಕಟ್ಟಡದ ನೆರವಿಗೆ ಬರುತ್ತದೋ, ಸುಮ್ಮನೆ ಕೂತಿರುತ್ತದೋ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಹಾಂಗ್‌ಕಾಂಗ್‌ನ ಸೆಂಟ್ರಲ್ ಪ್ರದೇಶದ ಎರಡು ಬ್ಯಾಂಕ್ ಕಟ್ಟಡಗಳಿಗಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಒಂದು ನಾರ್ಮನ್ ಫಾಸ್ಟರ್ ವಿನ್ಯಾಸದ ಎಚ್‌ಎಸ್‌ಬಿಸಿ ಪ್ರಧಾನ ಕಚೇರಿ. ಕಟ್ಟಿದ್ದು 1985ರಲ್ಲಿ ಮುಗಿಯಿತು, ಎತ್ತರ ಸುಮಾರು 179 ಮೀಟರ್. ಇನ್ನೊಂದು ಐ.ಎಂ. ಪೈ ವಿನ್ಯಾಸದ ಬ್ಯಾಂಕ್ ಆಫ್ ಚೈನಾ ಗೋಪುರ. 1990ರಲ್ಲಿ ತೆರೆಯಿತು, ಮಾಳಿಗೆಯವರೆಗೆ 315 ಮೀಟರ್, ತುದಿಯ ಎರಡು ಕಂಬ ಸೇರಿಸಿದರೆ 367 ಮೀಟರ್. ಇಬ್ಬರು ಮಾಲೀಕರೂ ಬ್ಯಾಂಕಿನವರು. ನಗರ ಒಂದೇ, ಹತ್ತು ವರ್ಷದ ಅವಧಿ ಒಂದೇ, ಬೀಸುವ ಚಂಡಮಾರುತ ಒಂದೇ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಇಷ್ಟೆಲ್ಲ ಸಮಾನವಾಗಿರುವಾಗ ಉಳಿಯುವ ವ್ಯತ್ಯಾಸ ವಿನ್ಯಾಸಕಾರರ ನಿರ್ಧಾರದ್ದು. ಅದಕ್ಕೇ ಇದನ್ನು ಒಂದೇ ಪ್ರಕರಣವಾಗಿ ಓದಬಹುದು.

ಮೊದಲು ಕಣ್ಣು ಪಳಗಿಸಬೇಕು. ಅದಕ್ಕೆ ಹಾಂಗ್‌ಕಾಂಗ್‌ವರೆಗೆ ಹೋಗಬೇಕಿಲ್ಲ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಒಳಗೆ ನಿಂತರೆ ಸಾಕು. ಮೇಲ್ಛಾವಣಿಯ ಕಲ್ಲು ತೊಲೆಯ ಮೇಲೆ, ತೊಲೆ ಬೋದಿಗೆಯ ಮೇಲೆ, ಬೋದಿಗೆ ಕಡೆದ ಕಂಬದ ಮೇಲೆ, ಕಂಬ ಜಗತಿಯ ಮೇಲೆ. ಭಾರ ಇಳಿಯುವ ದಾರಿಯನ್ನು ಬೆರಳಿನಲ್ಲೇ ತೋರಿಸಬಹುದು. ಬಳಪದ ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ತೊಲೆ ಉದ್ದವಾದಷ್ಟೂ ಅದರ ಅಡಿಭಾಗದಲ್ಲಿ ಎಳೆತ ಹೆಚ್ಚಿ ಬಿರುಕು ಬಿಡುತ್ತದೆ. ಕಂಬಗಳು ಹತ್ತಿರ ಹತ್ತಿರ ಬಂದದ್ದು ಆ ಕಾರಣಕ್ಕೆ. ಉಕ್ಕು ಎಳೆತವನ್ನೂ ತಾಳುತ್ತದೆ. ಫಾಸ್ಟರ್ ಮತ್ತು ಪೈ ಇಬ್ಬರೂ ಆ ಗುಣವನ್ನೇ ಬಳಸಿದರು, ಆದರೆ ಬೇರೆ ಬೇರೆ ಜಾಗದಲ್ಲಿ.

ಫಾಸ್ಟರ್: ಮೇಲಿನಿಂದ ತೂಗಿದ ಮಹಡಿಗಳು

1979ರಲ್ಲಿ ಫಾಸ್ಟರ್ ಅವರಿಗೆ ಕೆಲಸ ಸಿಕ್ಕಿದಾಗ ಬ್ಯಾಂಕಿನ ಬೇಡಿಕೆ ಎರಡು: ಸುಮಾರು 10 ಲಕ್ಷ ಚದರ ಅಡಿ ಜಾಗ ಬೇಕು, ಬೇಗ ಬೇಕು. ಹಳೆಯ ಕಟ್ಟಡವನ್ನು ಹಂತಹಂತವಾಗಿ ಬದಲಿಸುವ ಯೋಚನೆಯೂ ಮೊದಲಿಗೆ ಇತ್ತು. ಅಡಿಯಲ್ಲಿ ನೆಲಮಾಳಿಗೆ ಅಗೆಯುತ್ತಲೇ ಮೇಲೆ ಮಹಡಿ ಏರಿಸಬೇಕೆಂದರೆ ಕಂಬಗಳು ಕಡಿಮೆ ಇರಬೇಕು, ಮಹಡಿಗಳು ನೆಲದ ಮೇಲೆ ನಿಲ್ಲದೆ ಮೇಲಿನಿಂದ ತೂಗಬೇಕು. ತೂಗುವ ರಚನೆ ಹುಟ್ಟಿದ್ದು ಈ ಅಗತ್ಯದಿಂದ. ಚೆಂದಕ್ಕೆ ತೂಗಿದರು ಎಂದು ಬರೆಯುವವರು ಈ ಅಂಶವನ್ನು ತಪ್ಪಿಸಿಕೊಳ್ಳುತ್ತಾರೆ.

ಓವ್ ಅರೂಪ್ ಸಂಸ್ಥೆಯ ಎಂಜಿನಿಯರುಗಳು ರೂಪಿಸಿದ ಚೌಕಟ್ಟಿನಲ್ಲಿ ಒಟ್ಟು ಎಂಟು ಮಾಸ್ಟ್‌ಗಳಿವೆ. ಒಂದೊಂದು ಮಾಸ್ಟ್ ಎಂದರೆ ನಾಲ್ಕು ಉಕ್ಕಿನ ಕೊಳವೆಗಳ ಗುಂಪು. ಅಡಿಯಲ್ಲಿ ಕೊಳವೆಯ ವ್ಯಾಸ ಸುಮಾರು 1,400 ಮಿ.ಮೀ., ಗೋಡೆಯ ದಪ್ಪ 100 ಮಿ.ಮೀ.; ಮೇಲೆ ಹೋದಂತೆ ಎರಡೂ ಇಳಿಯುತ್ತವೆ. ನಾಲ್ಕು ಕೊಳವೆಗಳನ್ನು ಪ್ರತಿ ಮಹಡಿಯಲ್ಲೂ ಅಡ್ಡತೊಲೆಗಳು ಬಿಗಿಯುತ್ತವೆ. ಓರೆ ಕಂಬಿ ಇಲ್ಲ. ಏಣಿಯ ಹಾಗೆ ಬರೀ ನೆಟ್ಟಗಿನ ಮತ್ತು ಅಡ್ಡದ ಅಂಗಗಳು, ಆದರೆ ಮೂಲೆಗಳು ಅಲುಗದಂತೆ ಬೆಸೆದವು. ಇದಕ್ಕೆ ವಿರೆಂಡೀಲ್ ರಚನೆ ಎನ್ನುತ್ತಾರೆ.

ಮಾಸ್ಟ್‌ಗಳ ನಡುವೆ ಐದು ಎತ್ತರಗಳಲ್ಲಿ, ಎರಡು ಮಹಡಿಯಷ್ಟು ಎತ್ತರದ, ಉಕ್ಕಿನ ಅಂಗಗಳನ್ನು ತ್ರಿಕೋನವಾಗಿ ಹೆಣೆದ ಟ್ರಸ್‌ಗಳು ಅಡ್ಡ ಹಾಯುತ್ತವೆ. ಕೋಟ್ ಹ್ಯಾಂಗರಿನ ಆಕಾರ ಇರುವುದರಿಂದ ಅವಕ್ಕೆ ಆ ಹೆಸರೇ ನಿಂತಿದೆ. ಮಾಸ್ಟ್‌ನಿಂದ ಮಾಸ್ಟ್‌ಗೆ ಸುಮಾರು 34 ಮೀಟರ್ ಹಾಯುವ ಇವು ಎರಡೂ ಹೊರಪಕ್ಕಕ್ಕೆ ಸುಮಾರು 11 ಮೀಟರ್ ಚಾಚಿಕೊಂಡಿವೆ. ಒಂದೊಂದು ಟ್ರಸ್‌ನ ಅಡಿ ಒಂದು ಗುಂಪು ಮಹಡಿಗಳು ಉಕ್ಕಿನ ಹ್ಯಾಂಗರುಗಳಿಂದ (ತೂಗುಕಂಬಿಗಳಿಂದ) ತೂಗುತ್ತವೆ. ಕೆಳಗಿನ ಗುಂಪುಗಳಲ್ಲಿ ಮಹಡಿ ಹೆಚ್ಚು, ಮೇಲೆ ಕಡಿಮೆ. ಅಂದರೆ ಒಂದು ಮೇಜಿನ ಭಾರ ಮೊದಲು ಮೇಲಕ್ಕೆ ಏರಿ, ಟ್ರಸ್‌ ಮೂಲಕ ಪಕ್ಕಕ್ಕೆ ಸರಿದು, ಆಮೇಲೆ ಮಾಸ್ಟ್‌ ಹಿಡಿದು ನೆಲಕ್ಕೆ ಇಳಿಯುತ್ತದೆ. ದಾರಿ ಸುತ್ತುಬಳಸು. ಸುತ್ತು ಹೆಚ್ಚಾದಷ್ಟೂ ಉಕ್ಕು ಹೆಚ್ಚು: ಈ ಕಟ್ಟಡ ಸುಮಾರು 30,000 ಟನ್ ಉಕ್ಕು ನುಂಗಿತು. ಸುಮಾರು 99,000 ಚದರ ಮೀಟರ್ ನೆಲಕ್ಕೆ ಹಂಚಿದರೆ ಚದರ ಮೀಟರಿಗೆ 300 ಕಿಲೋ. 500 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೀರಿದ ವೆಚ್ಚದಿಂದ ಆ ಕಾಲಕ್ಕೆ ಜಗತ್ತಿನ ಅತಿ ದುಬಾರಿ ಕಟ್ಟಡ ಎಂದು ಹೆಸರಾಯಿತು.

ತೂಗುವ ಮಹಡಿಯಲ್ಲಿ ಲೆಕ್ಕ ತಪ್ಪಬಹುದಾದ ಜಾಗ ಹ್ಯಾಂಗರಿನ ಹಿಗ್ಗುವಿಕೆ. ಏಳು ಮಹಡಿಗಳನ್ನು ಒಂದು ಟ್ರಸ್‌ನಿಂದ ತೂಗಿದ್ದೇವೆ ಎಂದುಕೊಳ್ಳಿ. ಮಹಡಿಗೆ 3.9 ಮೀಟರಿನಂತೆ ಹ್ಯಾಂಗರಿನ ಉದ್ದ 27.3 ಮೀಟರ್. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಚದರ ಮಿ.ಮೀ.ಗೆ 2,00,000 ನ್ಯೂಟನ್. ಹ್ಯಾಂಗರಿನಲ್ಲಿ ಸರಾಸರಿ ಎಳೆತ ಚದರ ಮಿ.ಮೀ.ಗೆ 100 ನ್ಯೂಟನ್ ಎಂದರೆ ಅದು ಸುಮಾರು 14 ಮಿ.ಮೀ. ಹಿಗ್ಗುತ್ತದೆ. ಅತ್ಯಂತ ಕೆಳಗಿನ ಮಹಡಿ ಅಷ್ಟು ಜಗ್ಗುತ್ತದೆ, ಮೇಲಿನದು ಬಹುತೇಕ ಜಗ್ಗುವುದಿಲ್ಲ. ಮಾಸ್ಟ್‌ ಮಾತ್ರ ಒತ್ತಡದಿಂದ ಕುಗ್ಗುತ್ತಿರುತ್ತದೆ. ಹಿಗ್ಗುವುದೂ ಕುಗ್ಗುವುದೂ ಒಂದೇ ಮಹಡಿಯಲ್ಲಿ ಎದುರಾಗುವುದರಿಂದ ಮಹಡಿಯ ಅಂಚನ್ನು ಮೊದಲೇ ಅಷ್ಟು ಎತ್ತಿ ಕೂರಿಸಬೇಕು. ಹೊರಗಾಜಿನ ಜೋಡಣೆಗಳಿಗೂ ಅಷ್ಟು ಆಡುವ ಜಾಗ ಬಿಡಬೇಕು.

ಇಷ್ಟು ಖರ್ಚು ಮಾಡಿ ಪಡೆದದ್ದೇನು? ಲಿಫ್ಟು, ಮೆಟ್ಟಿಲು, ಶೌಚಾಲಯಗಳನ್ನು ನಡುವಿನಿಂದ ಹೊರ ಅಂಚಿಗೆ ತಳ್ಳಲು ಸಾಧ್ಯವಾಯಿತು, ನಡುವೆ ಹತ್ತು ಮಹಡಿ ಎತ್ತರದ ಏಟ್ರಿಯಂ, ಅಂದರೆ ತೆರೆದ ಒಳಾಂಗಣ, ಬಂತು. ನೆಲಮಟ್ಟದಲ್ಲಿ ಇಡೀ ಕಟ್ಟಡದ ಅಡಿ ಸಾರ್ವಜನಿಕರು ಓಡಾಡುವ ಬಯಲು ಉಳಿಯಿತು. ವಾರದ ರಜೆಯ ದಿನ ಫಿಲಿಪ್ಪೀನ್ಸಿನ ಮನೆಗೆಲಸದ ಹೆಣ್ಣುಮಕ್ಕಳು ಅಲ್ಲಿ ಗುಂಪುಗುಂಪಾಗಿ ಕೂತು ಊಟ ಮಾಡುತ್ತಾರೆ. ನಗರದ ಅತಿ ದುಬಾರಿ ನೆಲದ ತುಂಡೊಂದು ಹಾಗೆ ಬಳಕೆಯಾಗುವುದು ಸಣ್ಣ ಸಂಗತಿಯಲ್ಲ. ಶೌಚಾಲಯ ಮತ್ತು ಹವಾನಿಯಂತ್ರಣದ 139 ಘಟಕಗಳು ಜಪಾನಿನಲ್ಲೇ ಸಂಪೂರ್ಣ ತಯಾರಾಗಿ ಹಡಗಿನಲ್ಲಿ ಬಂದವು. ಸೈಟಿನಲ್ಲಿ ಉಳಿದದ್ದು ಎತ್ತಿ ಕೂರಿಸುವ ಕೆಲಸ. ತಂಪು ಮಾಡಲು ಸಮುದ್ರದ ನೀರನ್ನೇ ಸುರಂಗದಲ್ಲಿ ತಂದರು. ಏಟ್ರಿಯಂಗೆ ಬಿಸಿಲು ತರಲು ದಕ್ಷಿಣ ಗೋಡೆಯ ಹೊರಗೆ ಕನ್ನಡಿಗಳ ಸಾಲು ಹಾಕಿದರು. ಹಾಂಗ್‌ಕಾಂಗ್ 22 ಡಿಗ್ರಿ ಉತ್ತರದಲ್ಲಿದೆ, ಡಿಸೆಂಬರಿನ ನಡುಹಗಲು ಸೂರ್ಯ ದಕ್ಷಿಣಕ್ಕೆ 44 ಡಿಗ್ರಿ ಎತ್ತರದಲ್ಲಿರುತ್ತಾನೆ. ಕನ್ನಡಿಗೆ ಆ ಕೋನ ಅನುಕೂಲ. 13 ಡಿಗ್ರಿಯ ಹಾಸನದಲ್ಲಿ ಅದೇ ಹೊತ್ತಿಗೆ 53 ಡಿಗ್ರಿ ದಾಟಿರುತ್ತದೆ, ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಇಲ್ಲಿ ಬೆಳಕು ಬೇಕಾದರೆ ಮಾಳಿಗೆಯಲ್ಲಿ ತೆರಪು ಬಿಡುವುದೇ ಸರಿ, ಗೋಡೆಯ ಕನ್ನಡಿಯನ್ನು ನಕಲು ಮಾಡಿ ಪ್ರಯೋಜನವಿಲ್ಲ.

ಪೈ: ಎಲ್ಲ ಭಾರವೂ ನಾಲ್ಕು ಮೂಲೆಗೆ

ಪೈ ಅವರಿಗೆ ಸಿಕ್ಕಿದ್ದು ಮರ್‍ರೆ ಹೌಸ್ ಎಂಬ ಹಳೆಯ ಕಟ್ಟಡ ಬಿಚ್ಚಿದ ಜಾಗ: ಇಳಿಜಾರು, ಮೇಲುರಸ್ತೆಗಳಿಂದ ಸುತ್ತುವರಿದದ್ದು. ಹಣ ಸುಮಾರು 13 ಕೋಟಿ ಅಮೆರಿಕನ್ ಡಾಲರ್. ಎರಡು ಬ್ಯಾಂಕುಗಳ ಒಳಸಜ್ಜು ಬೇರೆ ಬೇರೆಯಾದ್ದರಿಂದ ವೆಚ್ಚಗಳನ್ನು ನೇರ ಪಕ್ಕಪಕ್ಕ ಇಡುವುದು ನ್ಯಾಯವಲ್ಲ. ಆದರೂ ಪಕ್ಕದ ಬ್ಯಾಂಕಿಗಿಂತ ಬಹಳ ಕಡಿಮೆ ಹಣದಲ್ಲಿ, ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ ಏರಬೇಕಿತ್ತು. ಚೌಕಟ್ಟು ರೂಪಿಸಿದ ಎಂಜಿನಿಯರ್ ಲೆಸ್ಲಿ ರಾಬರ್ಟ್‌ಸನ್.

ತಳದ ನಕ್ಷೆ 52 ಮೀಟರಿನ ಚೌಕ. ಎರಡು ಕರ್ಣ ಎಳೆದರೆ ನಾಲ್ಕು ತ್ರಿಕೋನ. ನಾಲ್ಕೂ ಒಟ್ಟಿಗೆ ಮೇಲೇಳುತ್ತವೆ, ಎತ್ತರ ಏರಿದಂತೆ ಒಂದೊಂದಾಗಿ ನಿಲ್ಲುತ್ತವೆ, ಕೊನೆಗೆ ಒಂದೇ ತ್ರಿಕೋನ ತುದಿ ಮುಟ್ಟುತ್ತದೆ. ಮುಖದ ಮೇಲೆ ಕಾಣುವ ಓರೆ ಅಂಗಗಳು 13 ಮಹಡಿಗೊಮ್ಮೆ ಮೂಲೆಯಿಂದ ಮೂಲೆಗೆ ಹಾಯುತ್ತವೆ. ಮಹಡಿಗೆ ಸುಮಾರು 4 ಮೀಟರಿನಂತೆ 13 ಮಹಡಿ ಎಂದರೆ 52 ಮೀಟರ್. ಮುಖದ ಅಗಲವೂ 52. ಹಾಗಾಗಿ ಓರೆ 45 ಡಿಗ್ರಿಗೆ ಬರುತ್ತದೆ. ಕಟ್ಟಡವನ್ನು ಒಂದರ ಮೇಲೊಂದು ಇಟ್ಟ ಘನಗಳೆಂದು ನೋಡಿದರೆ ಇಡೀ ಜ್ಯಾಮಿತಿ ಬಿಡಿಸಿಕೊಳ್ಳುತ್ತದೆ.

ಈಗ ಗಮನಿಸಬೇಕಾದ್ದು ಚೌಕದ ನಡು. ಒಂದು ತ್ರಿಕೋನ ನಿಂತ ಮೇಲೆ ಉಳಿದ ಮೂರರ ತುದಿಗಳು ಚೌಕದ ಮಧ್ಯಬಿಂದುವಿನಲ್ಲಿ ಆಧಾರ ಕೇಳುತ್ತವೆ, ಅಲ್ಲೊಂದು ಐದನೆಯ ಕಂಬ ಬರಲೇಬೇಕು. ಆ ಕಂಬ ತುದಿಯಿಂದ 25ನೇ ಮಹಡಿಯವರೆಗೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಇಲ್ಲ. ಅದರ ಭಾರವನ್ನು ಪಿರಮಿಡ್ಡಿನಂತೆ ಇಳಿಜಾರಾದ ಅಂಗಗಳು ನಾಲ್ಕು ಮೂಲೆಗಂಬಗಳಿಗೆ ಸಾಗಿಸುತ್ತವೆ. ಕೆಳಗಿನ ಹಜಾರದ ನಡು ಕಂಬವಿಲ್ಲದೆ ತೆರೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಲಾಭ ಏನೆಂದರೆ ಇಡೀ ಗೋಪುರದ ಭಾರ ಗಾಳಿಯನ್ನು ಎದುರಿಸುವ ಆ ನಾಲ್ಕು ಮೂಲೆಗಳ ಮೇಲೆಯೇ ಕೂರುತ್ತದೆ.

ಮೂಲೆಗಂಬಗಳ ಒಳಗಿನ ಸಂಗತಿ ಕಟ್ಟುವವರಿಗೆ ಇನ್ನೂ ಹತ್ತಿರದ್ದು. ಮೂರು ದಿಕ್ಕಿನ ಉಕ್ಕಿನ ಅಂಗಗಳು ಒಂದು ಬಿಂದುವಿನಲ್ಲಿ ಕೂಡುವ ಜೋಡಣೆ ಬೆಸುಗೆಗೆ ಅತಿ ಕಷ್ಟ, ಅತಿ ದುಬಾರಿ. ರಾಬರ್ಟ್‌ಸನ್ ಆ ಉಕ್ಕುಗಳನ್ನು ನೇರ ಬೆಸೆಯಲೇ ಇಲ್ಲ. ಒಂದೊಂದು ಮುಖದ ಚೌಕಟ್ಟು ಚಪ್ಪಟೆಯಾಗಿ ತನ್ನ ಸಮತಲದಲ್ಲೇ ಮುಗಿಯುತ್ತದೆ. ಮೂಲೆಯಲ್ಲಿ ಎಲ್ಲವನ್ನೂ ಒಳಗೊಂಡು ಕಾಂಕ್ರೀಟ್ ಸುರಿದಿದ್ದಾರೆ. ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಬಲ ದಾಟಿಸುವುದು ಕಾಂಕ್ರೀಟಿನ ಕೆಲಸ. ಬೆಸುಗೆಯೂ ಉಳಿಯಿತು, ಉಕ್ಕೂ ಉಳಿಯಿತು. ಎರಡು ಕಟ್ಟಡಗಳಲ್ಲಿ ಇದೇ ಅತ್ಯಂತ ಜಾಣ ನಿರ್ಧಾರ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನೆಲಮಟ್ಟದಲ್ಲಿ ಮಾತ್ರ ಪೈ ಕಟ್ಟಡ ಹಿಂದೆ ಬೀಳುತ್ತದೆ. ಬುಡಕ್ಕೆ ಗ್ರಾನೈಟಿನ ಗೋಡೆ. ಅಕ್ಕಪಕ್ಕದ ಕೈತೋಟದಲ್ಲಿ ಹರಿಯುವ ನೀರಿನ ಸದ್ದು ವಾಹನಗಳ ಗದ್ದಲವನ್ನು ಸ್ವಲ್ಪ ಮುಚ್ಚುತ್ತದೆ, ತೋಟ ಚೆಂದವೇ. ಆದರೆ ದಾರಿಹೋಕರನ್ನು ಫಾಸ್ಟರರ ಬಯಲು ಒಳಗೆ ಕರೆದುಕೊಳ್ಳುವ ಹಾಗೆ ಇದು ಕರೆಯುವುದಿಲ್ಲ.

ಗಾಳಿಯ ಲೆಕ್ಕ

ಇದು ಅಭ್ಯಾಸದ ಲೆಕ್ಕ, ಮೂಲ ವಿನ್ಯಾಸದ ಅಂಕಿಗಳಲ್ಲ. ಗೋಪುರ ತುದಿಯವರೆಗೂ 52 ಮೀಟರ್ ಅಗಲವೇ ಇದೆ, ಗಾಳಿಯ ಒತ್ತಡ ಎಲ್ಲೆಡೆ ಚದರ ಮೀಟರಿಗೆ 3 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ. ಹೋಲಿಕೆಗೆ, ಗಾಳಿಭಾರದ ಭಾರತೀಯ ಮಾನಕವಾದ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರು, ಮೈಸೂರುಗಳ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, 0.6 ಗುಣಿಸು 33ರ ವರ್ಗ ಎಂದರೆ ಸುಮಾರು 0.65 ಕಿಲೋನ್ಯೂಟನ್. ನಾವು ಹಿಡಿದ 3 ಅದರ ನಾಲ್ಕೂವರೆ ಪಟ್ಟು.

ಒಟ್ಟು ತಳ್ಳುಬಲ: 3 × 52 × 315 = 49,140 ಕಿಲೋನ್ಯೂಟನ್. ಅದು ಅರ್ಧ ಎತ್ತರದಲ್ಲಿ, 157.5 ಮೀಟರಿನಲ್ಲಿ ವರ್ತಿಸುತ್ತದೆ ಎಂದರೆ ಉರುಳಿಸುವ ಮೊಮೆಂಟ್ (ಬಲ ಗುಣಿಸು ದೂರ) ಸುಮಾರು 77.4 ಲಕ್ಷ ಕಿಲೋನ್ಯೂಟನ್-ಮೀಟರ್. ಎದುರುಬದುರು ಪಕ್ಕಗಳ ಮೂಲೆಗಳ ನಡುವೆ 52 ಮೀಟರ್ ಇರುವುದರಿಂದ ಒಂದು ಪಕ್ಕಕ್ಕೆ 1,48,800, ಒಂದೊಂದು ಮೂಲೆಗೆ 74,400 ಕಿಲೋನ್ಯೂಟನ್. ಗಾಳಿಯ ಕಡೆಯ ಮೂಲೆಯಲ್ಲಿ ಇದು ಎತ್ತುವ ಬಲ, ಮರೆಯ ಕಡೆಯಲ್ಲಿ ಒತ್ತುವ ಬಲ.

ಇನ್ನು ಭಾರ. ನೆಲ ಸುಮಾರು 1.3 ಲಕ್ಷ ಚದರ ಮೀಟರ್, ಚದರ ಮೀಟರಿಗೆ 10 ಕಿಲೋನ್ಯೂಟನ್ ಹಿಡಿದರೆ ಒಟ್ಟು 13 ಲಕ್ಷ, ಮೂಲೆಗೆ 3.25 ಲಕ್ಷ ಕಿಲೋನ್ಯೂಟನ್. ಗಾಳಿ ಇದರಲ್ಲಿ 23% ಮಾತ್ರ ಏರಿಳಿತ ತರುತ್ತದೆ. ಯಾವ ಮೂಲೆಯೂ ಎಳೆತಕ್ಕೆ ಹೋಗುವುದಿಲ್ಲ, ಬುಡವನ್ನು ನೆಲಕ್ಕೆ ಎಳೆದು ಕಟ್ಟುವ ಆಂಕರ್ ಬೇಕಾಗುವುದಿಲ್ಲ. ಹಳೆಯ ವರ್ಕಿಂಗ್ ಸ್ಟ್ರೆಸ್ ಪದ್ಧತಿಯಲ್ಲಿ ಗಾಳಿ ಸೇರಿದಾಗ ಅನುಮತಿಸಿದ ಒತ್ತಡವನ್ನು ಮೂರನೇ ಒಂದು ಭಾಗ ಹೆಚ್ಚಿಸಿಕೊಳ್ಳಬಹುದಿತ್ತು. ಕಾಂಕ್ರೀಟಿಗೆ ನಮ್ಮ ಮಾನಕವಾದ ಐಎಸ್ 456ರಲ್ಲೂ ಆ ಅವಕಾಶ ಇದೆ. 23% ಆ ಮಿತಿಯ ಒಳಗೇ ಇರುವುದರಿಂದ, ಭಾರಕ್ಕೆಂದು ಹಾಕಿದ ಕಂಬವೇ ಗಾಳಿಗೂ ಸಾಕಾಗುತ್ತದೆ.

ಅದೇ ಕಂಬಗಳನ್ನು ನಡುವಿಗೆ ತಂದು 20 ಮೀಟರ್ ಅಂತರದಲ್ಲಿ ನಿಲ್ಲಿಸಿದರೆ? ಒಂದೊಂದಕ್ಕೆ ಗಾಳಿಯ ಪಾಲು 1,93,500ಕ್ಕೆ ಏರುತ್ತದೆ, ಅಂದರೆ ಭಾರದ ಸುಮಾರು 60%. ಬಾಗುವಿಕೆ ಅಂತರದ ವರ್ಗಕ್ಕೆ ತಿರುಗುಮುರುಗಾಗಿ ಬದಲಾಗುವುದರಿಂದ ಗೋಪುರ ಸುಮಾರು ಆರೂಮುಕ್ಕಾಲು ಪಟ್ಟು ಹೆಚ್ಚು ಬಾಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ತೊಂದರೆ, ಯಾಕೆಂದರೆ ಕಟ್ಟಡ ಬೀಳುವ ಎಷ್ಟೋ ಮೊದಲೇ ಒಳಗಿನವರಿಗೆ ತಲೆ ತಿರುಗುತ್ತದೆ, ಗಾಜಿನ ಜೋಡಣೆ ಸಡಿಲುತ್ತದೆ.

ಫಾಸ್ಟರರ ಕಟ್ಟಡ ಗಾಳಿಗೆ ಕೊಡುವ ಉತ್ತರ ಬೇರೆ ಬಗೆಯದು. ಅಲ್ಲಿ ಓರೆಗಳಿಲ್ಲದ ಮಾಸ್ಟ್ ಮತ್ತು ಟ್ರಸ್ ಸೇರಿ ಆಗುವ ಬಾಗಿಲವಾಡದಂಥ ದೊಡ್ಡ ಪೋರ್ಟಲ್ ಚೌಕಟ್ಟುಗಳು ಬಾಗುವ ಮೂಲಕ ಪ್ರತಿರೋಧಿಸುತ್ತವೆ. ಅಂಗ ಬಾಗುವಾಗ ಅದರ ಅಂಚಿನ ಉಕ್ಕು ಮಾತ್ರ ಪೂರಾ ದುಡಿಯುತ್ತದೆ, ನಡುವಿನದು ಅಷ್ಟಾಗಿ ಇಲ್ಲ. ಪೈ ಅವರ ಓರೆಗಳಲ್ಲಿ ಉದ್ದಕ್ಕೂ ಎಳೆತ ಅಥವಾ ಒತ್ತಡ, ಎಲ್ಲ ಉಕ್ಕೂ ಸಮನಾಗಿ ದುಡಿಯುತ್ತದೆ. 179 ಮೀಟರಿಗೆ ಫಾಸ್ಟರರ ದಾರಿ ನಡೆಯುತ್ತದೆ. 315 ಮೀಟರಿಗೆ ಅದೇ ದಾರಿ ಹಿಡಿದಿದ್ದರೆ ವೆಚ್ಚ ಯಾವ ಬ್ಯಾಂಕಿಗೂ ಹೊರಲಾರದ್ದಾಗುತ್ತಿತ್ತು.

ಬಿದಿರಿನ ಮಾದರಿ

ಕಾಗದದ ಲೆಕ್ಕ ಕೈಗೆ ಹತ್ತಬೇಕಾದರೆ 1:400 ಅಳತೆಯ ಮಾದರಿ ಕಟ್ಟುವುದು ಒಳ್ಳೆಯದು. ಹಾಸನದಲ್ಲಿ ಬಿದಿರು ಹೆಣೆಯುವವರ ಬಳಿ ಸೀಳಿದ ಕಡ್ಡಿ ಸಿಗುತ್ತದೆ. ಒಣಗಿದ್ದನ್ನೇ ಆರಿಸಿ, ಹಸಿ ಕಡ್ಡಿ ಒಣಗುತ್ತಾ ಬಾಗಿ ಅಂಟು ಬಿಡಿಸುತ್ತದೆ.

ಪೈ ಗೋಪುರಕ್ಕೆ 13 ಸೆಂ.ಮೀ. ಚೌಕದ ತಳ, 13 ಸೆಂ.ಮೀ. ಎತ್ತರದ ಆರು ಘನ, ಒಟ್ಟು 78 ಸೆಂ.ಮೀ. ಮೊದಲ ಎರಡು ಘನ ಪೂರ್ತಿ. ಮೂರನೆಯದರಲ್ಲಿ ಮೂರು ತ್ರಿಕೋನ, ನಾಲ್ಕರಲ್ಲಿ ಎರಡು, ಐದು ಮತ್ತು ಆರರಲ್ಲಿ ಒಂದೊಂದು. ಮೂಲೆಗೆ 5 ಮಿ.ಮೀ. ಕಡ್ಡಿ, ಉಳಿದದ್ದಕ್ಕೆ 3 ಮಿ.ಮೀ. ಹೊರಮುಖಗಳಿಗೆ 18.4 ಸೆಂ.ಮೀ. ಉದ್ದದ 30 ಓರೆಕಡ್ಡಿ, 13 ಸೆಂ.ಮೀ.ನ 15 ಅಡ್ಡಕಡ್ಡಿ ಬೇಕು. ನಡುಗಂಬ 26 ಸೆಂ.ಮೀ. ಎತ್ತರದಿಂದ ಮೇಲಕ್ಕೆ. ಅದರ ಬುಡದಿಂದ ಒಂದು ಘನ ಕೆಳಗಿನ ನಾಲ್ಕು ಮೂಲೆಗಳಿಗೆ 15.9 ಸೆಂ.ಮೀ.ನ ನಾಲ್ಕು ಇಳಿಜಾರು ಕಡ್ಡಿ. ಮೊದಲು ಮುಖಗಳನ್ನು ನೆಲದ ಮೇಲೆ ಚಪ್ಪಟೆಯಾಗಿ ಅಂಟಿಸಿ, ಒಂದು ರಾತ್ರಿ ಒಣಗಿಸಿ, ಆಮೇಲೆ ನಿಲ್ಲಿಸಿ ಮೂಲೆಗಳನ್ನು ದಾರ ಸುತ್ತಿ ಅಂಟು ಹಚ್ಚಿ. ರಾಬರ್ಟ್‌ಸನ್ ಮೂಲೆಯ ತರ್ಕ ಹಾಗೆ ತಾನಾಗಿ ಅರ್ಥವಾಗುತ್ತದೆ.

ಫೋಟೋ ನೋಡಿ ಮಾದರಿ ಕಟ್ಟುವವರು ಸಾಮಾನ್ಯವಾಗಿ ಅಡ್ಡಕಡ್ಡಿ ಬಿಟ್ಟುಬಿಡುತ್ತಾರೆ, ಯಾಕೆಂದರೆ ಫೋಟೋದಲ್ಲಿ ಅವು ಕಾಣುವುದಿಲ್ಲ. ಚೌಕದೊಳಗಿನ ಗುಣಾಕಾರ ಚಿಹ್ನೆ ಅಲ್ಲಿಯ ಜನರಿಗೆ ಅಶುಭವೆನಿಸಿದ್ದರಿಂದ ಪೈ ಅಡ್ಡ ಅಂಗಗಳನ್ನು ಹೊದಿಕೆಯ ಹಿಂದೆ ಮರೆಮಾಡಿ, ಹೊರಗೆ ವಜ್ರಾಕೃತಿ ಮಾತ್ರ ಕಾಣುವಂತೆ ಮಾಡಿದರು. ಅಂಗಗಳು ಒಳಗೆ ಇದ್ದೇ ಇವೆ. ಅವು ಯಾಕೆ ಬೇಕು ಎಂಬುದಕ್ಕೆ ಪಿರಮಿಡ್ಡೇ ಉತ್ತರ: ನಡುಗಂಬದ ಭಾರ 100 ಎಂದರೆ ಒಂದೊಂದು ಇಳಿಜಾರು ಕಡ್ಡಿಯಲ್ಲಿ ಸುಮಾರು 31 ಒತ್ತಡ, ಮೂಲೆಯನ್ನು ಹೊರಕ್ಕೆ ತಳ್ಳುವ ಬಲ 18, ಅದನ್ನು ಹಿಡಿದಿಡಲು ಸುತ್ತಲಿನ ಒಂದೊಂದು ಅಡ್ಡಕಡ್ಡಿಯಲ್ಲಿ ಸುಮಾರು 12.5 ಎಳೆತ. ಅಡ್ಡಕಡ್ಡಿ ಇಲ್ಲದಿದ್ದರೆ ಈ ಎಳೆತ ಓರೆಗಳ ಮೇಲೆ ಬಿದ್ದು ಮೂಲೆಗಳು ಹೊರಕ್ಕೆ ಹರಡತೊಡಗುತ್ತವೆ, ಮೊದಲು ಬಿಚ್ಚುವುದು ಅಂಟು.

ಪರೀಕ್ಷೆ ಹೀಗೆ. ಮಾದರಿಯನ್ನು ಹಲಗೆಗೆ ಅಂಟಿಸಬೇಡಿ. ಜಾರದಂತೆ ಬುಡಕ್ಕೆ ಒಂದು ಪಟ್ಟಿ ಹೊಡೆಯಿರಿ ಅಷ್ಟೇ. ತುದಿಗೆ ದಾರ ಕಟ್ಟಿ ರಾಟೆಯ ಮೇಲೆ ಹಾಯಿಸಿ ಸ್ವಲ್ಪಸ್ವಲ್ಪವೇ ತೂಕ ಏರಿಸಿ, ಹಿಂದಿನ ಮೂಲೆ ಯಾವಾಗ ಏಳುತ್ತದೆ ನೋಡಿ. ಆಮೇಲೆ ನಡುಗಂಬದ ಮೇಲೆ 500 ಗ್ರಾಂ ಹೇರಿ ಮತ್ತೆ ಎಳೆಯಿರಿ. ತಳದ ಅರ್ಧವಾದ 6.5 ಸೆಂ.ಮೀ. ಅನ್ನು ಎತ್ತರದ 78ರಿಂದ ಭಾಗಿಸಿದರೆ ಹನ್ನೆರಡನೇ ಒಂದು ಭಾಗ. ಹಾಗಾಗಿ ಸುಮಾರು 42 ಗ್ರಾಂ ಹೆಚ್ಚು ಎಳೆತ ತಾಳಬೇಕು. ಇನ್ನೊಂದು ಸಲ ನಡುಗಂಬವನ್ನು ಪಿರಮಿಡ್ಡಿನಿಂದ ಬಿಡಿಸಿ, ಸಡಿಲ ದಾರದ ಉಂಗುರಗಳಲ್ಲಿ ಹಾಯಿಸಿ, ಉದ್ದದ ಕಡ್ಡಿಯಾಗಿ ನೇರ ಹಲಗೆಯ ಮೇಲೆ ನಿಲ್ಲಿಸಿ ಅದೇ 500 ಗ್ರಾಂ ಹೇರಿ. ಆ ತೂಕ ಈಗ ಮೂಲೆಗಳಿಗೆ ಏನೂ ನೆರವಾಗುವುದಿಲ್ಲ.

ಫಾಸ್ಟರ್ ಕಟ್ಟಡದ ಒಂದೇ ಚೌಕಟ್ಟು ಸಾಕು: 12 ಮಿ.ಮೀ. ಚೌಕದ ಎರಡು ಮಾಸ್ಟ್, ನಡುವೆ 8.4 ಸೆಂ.ಮೀ., ಹೊರಚಾಚು 2.7 ಸೆಂ.ಮೀ., ಎತ್ತರ 45 ಸೆಂ.ಮೀ. ಹ್ಯಾಂಗರಿಗೆ ದಾರ. ಹೊರಚಾಚಿನ ಮಹಡಿಗೆ ಮಾತ್ರ ತೂಕ ಹೇರಿದರೆ ಟ್ರಸ್ ತಿರುಗುತ್ತದೆ, ಒಳಗೂ ಹೇರಿದಾಗ ಸರಿಯಾಗುತ್ತದೆ. ಮಾಸ್ಟ್‌ನ ಅಡ್ಡಕಡ್ಡಿಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಹೋದರೆ ನಾಲ್ಕು ಕಡ್ಡಿಗಳು ಒಗ್ಗಟ್ಟು ಕಳೆದುಕೊಂಡು ಜೋತು ಬೀಳುವುದು ಕಣ್ಣಿಗೇ ಕಾಣುತ್ತದೆ.

ಹಾಸನದ ನಕ್ಷೆಗೆ ಬಂದರೆ

40×60 ಅಡಿ ಸೈಟು, ಕೆಳಗೆ ಅಂಗಡಿ ಅಥವಾ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಮಾಲೀಕರ ಬೇಡಿಕೆ ಬಹುತೇಕ ಎರಡು: ಕೆಳಗೆ ನಡುವೆ ಕಂಬ ಬೇಡ, ಕೆಳಗೆ ಗೋಡೆಯೂ ಬೇಡ. ಮೊದಲನೆಯದು ಪೈ ಅವರ ಪ್ರಶ್ನೆ, ಎರಡನೆಯದು ಫಾಸ್ಟರರದು.

ಗೋಡೆ ಬೇಡ ಎನ್ನುವುದು ತಪ್ಪಲ್ಲ. ಫಾಸ್ಟರರ ಬಯಲು ಗಟ್ಟಿ ಯಾಕೆಂದರೆ ಮೇಲಿನ ಬಿಗಿತ ಕೊಡುವ ಮಾಸ್ಟ್‌ಗಳೇ ಹಾಗೆಯೇ ನೆಲಕ್ಕೆ ಇಳಿದಿವೆ, ಅಲ್ಲ, ಇಳಿದಂತೆ ಇನ್ನೂ ದಪ್ಪವಾಗಿವೆ. ಕೆಳಗೆ ಬರೀ ಕಂಬಗಳ ಮೇಲೆ ನಿಂತ ನಮ್ಮ ಸ್ಟಿಲ್ಟ್ ಕಟ್ಟಡದಲ್ಲಿ ಮೇಲಿನ ಬಿಗಿತ ಬರುವುದು ಇಟ್ಟಿಗೆ ಗೋಡೆಗಳಿಂದ, ಅವು ಒಂದನೇ ಮಹಡಿಗೇ ನಿಲ್ಲುತ್ತವೆ. ಅಲುಗಾಟವೆಲ್ಲ ಕೆಳಗಿನ ಕಂಬಗಳ ತಲೆಗೆ ಬೀಳುತ್ತದೆ. ಭೂಕಂಪದ ಮಾನಕವಾದ 2016ರ ಐಎಸ್ 1893ರ ನಕ್ಷೆಯಲ್ಲಿ ಹಾಸನ ಕಡಿಮೆ ಅಪಾಯದ ವಲಯ 2ರಲ್ಲಿದೆ ಎಂದು ಇದನ್ನು ಬಿಟ್ಟುಬಿಡುವುದು ಸರಿಯಲ್ಲ. ಮೆಟ್ಟಿಲು ಮತ್ತು ಲಿಫ್ಟಿನ ಸುತ್ತ ಎರಡೂ ದಿಕ್ಕಿಗೆ ಕಾಂಕ್ರೀಟ್ ಗೋಡೆಯನ್ನು ಪಾಯದಿಂದ ಮಾಳಿಗೆಯವರೆಗೆ ಎಲ್ಲೂ ತುಂಡಾಗದಂತೆ ಒಯ್ದರೆ ಬಯಲು ಉಳಿಯುತ್ತದೆ, ಕಟ್ಟಡವೂ ನಿಲ್ಲುತ್ತದೆ.

ಕಂಬ ಬೇಡ ಎನ್ನುವುದು ಹೆಚ್ಚು ಅಪಾಯದ ಬೇಡಿಕೆ. ಮೇಲಿನ ಮೂರು ಮಹಡಿಗಳಿಂದ ತಲಾ 20 ಚದರ ಮೀಟರಿನ ಭಾರ ಹೊತ್ತ ಕಂಬ, ಚದರ ಮೀಟರಿಗೆ ಅದೇ 10ರಂತೆ ಒಟ್ಟು 600 ಕಿಲೋನ್ಯೂಟನ್, 5 ಮೀಟರ್ ಬೀಮಿನ ನಡುವೆ ಕೂತಿದೆ ಎನ್ನಿ. ಸಾದಾ ಆಧಾರದ ಬೀಮಿನಲ್ಲಿ ಮೊಮೆಂಟ್ 750 ಕಿಲೋನ್ಯೂಟನ್-ಮೀಟರ್. 230×450 ಮಿ.ಮೀ.ನ ಬೀಮು, ಎಂ25 ದರ್ಜೆಯ ಕಾಂಕ್ರೀಟ್, ಒಂದು ಕಡೆ ಮಾತ್ರ ಕಂಬಿ ಇದ್ದರೆ ತಾಳುವುದು ಸುಮಾರು 122, ಅದೂ ಸುರಕ್ಷತಾ ಗುಣಕ ಸೇರಿದ ಮೇಲೆ. ತುದಿಗಳು ಬಿಗಿಯಾಗಿವೆ ಎಂದು ವಾದಿಸಿ ಅರ್ಧ ಕಳೆದರೂ ಹತ್ತಿರಕ್ಕೂ ಬರುವುದಿಲ್ಲ. ಪಕ್ಕದ ಬಲ ತಾಳುವ ಚೌಕಟ್ಟಿನಲ್ಲಿ ಇಂಥ ತೇಲುಕಂಬಗಳನ್ನು ಐಎಸ್ 1893 ಬೇಡವೆಂದೇ ಹೇಳುತ್ತದೆ. ಮೊದಲ ಸಲಹೆ ಯಾವಾಗಲೂ ಒಂದೇ: ಕಂಬವನ್ನು ನೇರ ಪಾಯಕ್ಕೆ ಇಳಿಸಿ, ಅಂಗಡಿಯ ವಿಭಾಗವನ್ನು ಅದಕ್ಕೆ ಹೊಂದಿಸಿ.

ಸಾಧ್ಯವೇ ಇಲ್ಲದಿದ್ದರೆ ಪೈ ಅವರ ದಾರಿ. ಕಂಬವನ್ನು ಬೀಮಿನ ಮೇಲೆ ಕೂರಿಸದೆ ಒಂದನೇ ಮಹಡಿಯ ಎತ್ತರದಲ್ಲೇ 45 ಡಿಗ್ರಿಯ ಎರಡು ಓರೆಕಂಬಗಳಿಂದ ಪಕ್ಕದ ಕಂಬಗಳಿಗೆ ಇಳಿಸಬೇಕು. 5 ಮೀಟರ್ ಅಂತರಕ್ಕೆ 2.5 ಮೀಟರ್ ಎತ್ತರ, ಒಂದು ಮಹಡಿಯೊಳಗೇ ಹಿಡಿಯುತ್ತದೆ. ಒಂದೊಂದು ಓರೆಯಲ್ಲಿ 424 ಕಿಲೋನ್ಯೂಟನ್ ಒತ್ತಡ, ಸುರಕ್ಷತಾ ಗುಣಕ 1.5ರಿಂದ ಗುಣಿಸಿದರೆ 636, 230×300ರ ಕಂಬದ ಕಾಂಕ್ರೀಟೇ 690 ಹೊರುತ್ತದೆ. ಅಡಿಯ ಬೀಮು ಈಗ ಎಳೆತ ಹಿಡಿಯುವ ಟೈ: 300 ಕಿಲೋನ್ಯೂಟನ್, ಗುಣಿಸಿದರೆ 450; ಎಫ್‌ಇ 500 ದರ್ಜೆಯ ಕಂಬಿಯಲ್ಲಿ 1,034 ಚದರ ಮಿ.ಮೀ. ಬೇಕು, 20 ಮಿ.ಮೀ.ನ ನಾಲ್ಕು ಸಾಕು. ಬೀಮಿನ ಸ್ವಂತ ಭಾರ, ಸ್ಲ್ಯಾಬಿನ ಭಾರಕ್ಕೆ ಬೇರೆ ಕಂಬಿ ಸೇರಿಸಬೇಕು. ಅಂತಿಮ ವಿನ್ಯಾಸವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮಾಡಬೇಕು. ಆ ಮಹಡಿಯಲ್ಲಿ ಓರೆಗಳ ನಡುವೆ ಬಾಗಿಲು ಬರುವುದಿಲ್ಲ, ಹಾಗಾಗಿ ಅದು ಶೌಚಾಲಯ ಅಥವಾ ಉಗ್ರಾಣದ ಗೋಡೆಯ ಸಾಲಿಗೆ ಬೀಳುವಂತೆ ನಕ್ಷೆ ಮೊದಲೇ ಹೊಂದಬೇಕು. ರಸ್ತೆಯ ಕಡೆ ಚಾಚಿದ ತುದಿಗೆ ಇದೇ ಉಪಾಯ ಹೂಡುವುದು ಬೇಡ. ಪೈ ಪಿರಮಿಡ್ಡಿನಲ್ಲಿ ನಾಲ್ಕೂ ಕಡೆಯ ತಳ್ಳಾಟ ಒಂದನ್ನೊಂದು ತೀರಿಸಿಕೊಳ್ಳುತ್ತದೆ. ಒಂದೇ ಕಡೆ ಚಾಚಿದಾಗ ಅದು ಇಡೀ ಚೌಕಟ್ಟನ್ನು ರಸ್ತೆಯ ಕಡೆಗೆ ಸದಾ ಎಳೆಯುತ್ತಿರುತ್ತದೆ.

ಸೈಟಿನಲ್ಲಿ ಕೆಡುವುದು ಟೈ ಬೀಮಿನಲ್ಲೇ. ಬಾರ್ ಬೆಂಡಿಂಗ್ ಮಾಡುವವರಿಗೆ ಅದು ಎಲ್ಲ ಬೀಮಿನಂತೆಯೇ ಕಾಣುವುದರಿಂದ ಉಳಿದ ತುಂಡು ಕಂಬಿಗಳನ್ನು ನಡುವೆ ಲ್ಯಾಪ್ ಹಾಕಿಬಿಡುತ್ತಾರೆ, ಅಂದರೆ ತುದಿಗಳನ್ನು ಒಂದರ ಪಕ್ಕ ಒಂದಿಟ್ಟು ಜೋಡಿಸುತ್ತಾರೆ. ಉದ್ದಕ್ಕೂ ಎಳೆತವಿರುವ ಅಂಗದಲ್ಲಿ ಎಲ್ಲ ಕಂಬಿಗೂ ಒಂದೇ ಜಾಗದಲ್ಲಿ ಲ್ಯಾಪ್ ಬಂದರೆ ಬಿರುಕು ಅಲ್ಲಿಂದಲೇ. ನಾಲ್ಕೂ ಕಂಬಿ ಅಖಂಡವಾಗಿರಬೇಕು. 20 ಮಿ.ಮೀ. ಕಂಬಿಗೆ ಎಂ25ರಲ್ಲಿ ಹಿಡಿತದ ಉದ್ದ ಸುಮಾರು 970 ಮಿ.ಮೀ.; 230 ಅಥವಾ 300 ಅಗಲದ ಕಂಬದೊಳಗೆ ಅದು ಹಿಡಿಯುವುದಿಲ್ಲ, ಪಕ್ಕದ ಬೀಮಿನೊಳಕ್ಕೆ ಅಷ್ಟು ಉದ್ದ ಚಾಚಿರಬೇಕು. ಓರೆ, ಟೈ, ನೆಟ್ಟಗಿನ ಕಂಬ ಮೂರೂ ಕೂಡುವ ಮೂಲೆಯಲ್ಲಿ ಕಂಬಿಗಳ ನಡುವೆ ವೈಬ್ರೇಟರಿನ ಸೂಜಿ ಇಳಿಯುವಷ್ಟು ಜಾಗವಿದೆಯೇ ಎಂದು ಸೂಜಿಯನ್ನೇ ಇಳಿಸಿ ನೋಡಿ, ಅಲ್ಲಿಗೆ 12 ಮಿ.ಮೀ. ಜಲ್ಲಿ ಬಳಸಿ. ಟೈ ಬೀಮಿನ ಕಾಂಕ್ರೀಟ್ ಗಟ್ಟಿತನ ತಿಳಿಸುವ ಕ್ಯೂಬ್ ಪರೀಕ್ಷೆಯ ಫಲ ಬಂದ ಮೇಲೆ, ಇನ್ನೊಂದು ಮಹಡಿ ಏರಿಸುವ ಮೊದಲು, ಅಡಿಯ ಜ್ಯಾಕ್‌ಗಳನ್ನು ನಡುವಿನಿಂದ ಹೊರಕ್ಕೆ ಕಾಲುಕಾಲು ಸುತ್ತು ಇಳಿಸುತ್ತಾ ಬನ್ನಿ, ಪ್ರತಿ ಸುತ್ತಿಗೂ ಲೆವೆಲ್ ಟ್ಯೂಬ್ ಹಿಡಿದು ನಡುವಿನ ಜಗ್ಗು ಬರೆದಿಡಿ. ಎಲ್ಲ ಜ್ಯಾಕ್ ತೆಗೆದ ಮರುದಿನವೂ ಅಂಕಿ ಏರುತ್ತಿದ್ದರೆ ಮೇಲಿನ ಕೆಲಸ ನಿಲ್ಲಿಸಿ, ಜ್ಯಾಕ್‌ಗಳನ್ನು ಮತ್ತೆ ಬಿಗಿದು ಎಂಜಿನಿಯರನ್ನು ಕರೆಸಬೇಕು.